ಬೆಟ್ಟಗಳ ಬಗ್ಗೆ ನಾನು ಹೇಳಿದ್ದು

ಇನ್ನೂ ಮುಖ ತೋರದ ನನ್ನ ಕಂದಾ,

ನಾಳೆ ಬೆಳಿಗ್ಗೆ ಡಾಕ್ಟರು ನನ್ನ ಗರ್ಭದ ಬಾಯಿಗೆ ಹಾಕಿದ ಹೊಲಿಗೆ ಬಿಚ್ಚುತ್ತಾರೆ. ಆಮೇಲೆ ನೀನು ಯಾವಾಗ ಬೇಕಾದರೂ ಬರಬಹುದಂತೆ, ನಾಳೆಯೇ ಬಂದೆ, ಇಲ್ಲ ವಾರ ಬಿಟ್ಟು ಬಂದೆ. ಎಲ್ಲ ಸರಿಯಾಗಿದೆ ಎಂದಿದ್ದಾರೆ. ಈ ಮಾತನ್ನು ನಾನು ಹಿಂದೆ ಒಮ್ಮೆ ಕೇಳಿ ನಂಬಿದ್ದೆ, ಅದಕ್ಕೇ ಈಗ ಯಾರಾದರೂ ಎಲ್ಲ ಸರಿಯಾಗಿದೆ ಎಂದರೆ ನನ್ನ ಅಂಗೈ ತಣ್ಣಗಾಗುತ್ತದೆ. ಇವತ್ತು ತಿಂಡಿಯಾದ ಮೇಲೆ ಎಷ್ಟು ಹೊತ್ತಾದರೂ ನೀನು ಅಲ್ಲಾಡಲಿಲ್ಲ. ನಾನು ಎಡಕ್ಕೆ ಹೊರಳಿ ಮಲಗಿದೆ. ಸಕ್ಕರೆ ಜಾಸ್ತಿ ಹಾಕಿದ ಹಾಲು ಕುಡಿದೆ. ಕೊನೆಗೆ ನೀನು ಪಕ್ಕೆಲುಬಿನ ಕೆಳಗೆ ಮೆಲ್ಲಗೆ ಒಮ್ಮೆ ಒತ್ತಿದೆ. ಆ ಒಂದು ಒತ್ತಿನ ಧೈರ್ಯದಲ್ಲಿ ಈ ಕಾಗದ ಶುರು ಮಾಡಿದ್ದೇನೆ.

ನೀನು ದೊಡ್ಡವನೋ ದೊಡ್ಡವಳೋ ಆದಾಗ, ನಿನ್ನ ಅಮ್ಮಿ ಮದ್ದೂರಿನ ಸಭೆಯಲ್ಲಿ ಏನೋ ಅಂದಳಂತಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಯಾವುದೋ ಫೋನಿನಲ್ಲಿ ಆ ಮಾತಿನ ವಿಡಿಯೋ ತುಣುಕು ಆಗಲೂ ಓಡುತ್ತಿರುತ್ತದೆ. ಬೇರೆಯವರ ಬಾಯಿಂದ ಅರ್ಧ ಕೇಳುವ ಮೊದಲು ನನ್ನಿಂದ ಪೂರ್ತಿ ಕೇಳಿಕೋ. ನಾಳೆ ನನಗೇನಾದರೂ ಆದರೆ ಹೇಳುವವರು ಯಾರು ಎನ್ನುವ ಭಯವೂ ಇದೆ. ಅದನ್ನು ನಿನ್ನ ಅಬ್ಬಾನ ಹತ್ತಿರ ಹೇಳಿಲ್ಲ.

ನಮ್ಮನ್ನು ಮೊದಲು ಗುರುತು ಮಾಡಿಕೋ. ನಾನು ತಸ್ನೀಮ್. ಮಂಡ್ಯದ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುತ್ತೇನೆ, ಅಂದರೆ ಕಲ್ಲು, ಮಣ್ಣು, ಬೆಟ್ಟ, ಭೂಕಂಪ. ನಿನ್ನ ಅಬ್ಬಾ ಸಾದಿಕ್. ಮದ್ದೂರಿನಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದಾರೆ. ಸಾದಿಕ್ ಅವರ ಅಣ್ಣ ಮುನವ್ವರ್, ನಿನಗೆ ದೊಡ್ಡಪ್ಪ. ಅವರಿಬ್ಬರ ತಾಯಿ ಪ್ಯಾರಿಜಾನ್ ನಿನ್ನ ದಾದಿ. ಹನಕೆರೆಯಲ್ಲಿ ಹುಟ್ಟಿ ಗೌಡರ ಮನೆಗಳ ನಡುವೆ ಬೆಳೆದವರು. ಮನೆಯಲ್ಲಿ ಉರ್ದು ಆಡುತ್ತಾರೆ, ಸಿಟ್ಟು ಬಂದರೆ ಮಾತ್ರ ಹನಕೆರೆಯ ಕನ್ನಡ ಬರುತ್ತದೆ. ನನ್ನ ತಂದೆ ಹಲೀಮ್ ಮೇಷ್ಟ್ರು, ನಿನ್ನ ನಾನಾ, ಮಳವಳ್ಳಿಯವರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದರು. ಉರ್ದು ಬಾರದ ಈಗಿನ ಹುಡುಗರಿಗಾಗಿ ಶುಕ್ರವಾರ ಮಸೀದಿಯಲ್ಲಿ ಕನ್ನಡದಲ್ಲೇ ಧರ್ಮದ ಮಾತು ಹೇಳುತ್ತಿದ್ದರು. ನನ್ನ ಕನ್ನಡವೂ ಅವರದೇ, ನನ್ನ ಕುರ್‌ಆನೂ ಅವರದೇ.

ಬೆಟ್ಟಗಳ ಭಯ ಕೂಡ ನನಗೆ ಅವರಿಂದಲೇ ಬಂತು. ನಾನು ಚಿಕ್ಕವಳಿದ್ದಾಗ ಪಿಂಜಾರರು ಹಾಸಿಗೆ ಹೊಲಿಯಲು ನಮ್ಮ ಬೀದಿಗೆ ಬರುತ್ತಿದ್ದರು. ಹಳೇ ಹತ್ತಿಯನ್ನು ರಾಶಿ ಹಾಕಿ, ಬಿಲ್ಲಿನಂಥ ಸಲಕರಣೆಯ ತಂತಿ ಮೀಟಿದರೆ ಗಟ್ಟಿಯಾಗಿದ್ದ ಉಂಡೆಗಳು ಬಿಚ್ಚಿಕೊಂಡು ಗಾಳಿಯಲ್ಲಿ ಹಾರುತ್ತಿದ್ದವು. ಒಂದು ದಿನ ಅದನ್ನು ನೋಡುತ್ತ ನಿಂತಿದ್ದಾಗ ನನ್ನ ಅಬ್ಬಾ ಹೇಳಿದರು: "ಲೋಕ ಮುಗಿಯೋ ಕಯಾಮತ್ತಿನ ದಿನ ಬೆಟ್ಟಗಳೂ ಹೀಗೇ ಎಕ್ಕಿದ ಉಣ್ಣೆಯ ಹಾಗೆ ಹಾರಿಹೋಗ್ತವೆ ಮಗಳೇ, ಹಾಗಂತ ಕುರ್‌ಆನ್ ಹೇಳುತ್ತೆ." ನಾನು ತಾರಸಿಗೆ ಓಡಿದೆ. ಶಿವನಸಮುದ್ರದ ಕಡೆಯ ಕಲ್ಲುಗುಡ್ಡಗಳು ಅಲ್ಲೇ ಇದ್ದವು. ಎಷ್ಟೋ ದಿನ ಎದ್ದ ತಕ್ಷಣ ತಾರಸಿಗೆ ಹೋಗಿ ಅವು ಇವೆಯೇ ಎಂದು ನೋಡಿ ಬರುತ್ತಿದ್ದೆ. ಮುಂದೆ ಕಾಲೇಜಿಗೆ ಸೇರುವಾಗ ಎಲ್ಲರೂ ಬಿ.ಕಾಂ. ಓದು ಎಂದರೆ ನಾನು ಭೂವಿಜ್ಞಾನ ಬೇಕು ಎಂದು ಹಟ ಮಾಡಿದೆ. ಕಾರಣ ಯಾರಿಗೂ ತಿಳಿಯಲಿಲ್ಲ. ಬೆಟ್ಟ ಎಷ್ಟು ಗಟ್ಟಿ ಎಂದು ನನಗೆ ಖಾತ್ರಿಯಾಗಬೇಕಿತ್ತು, ಅಷ್ಟೇ.

ನಿನಗಿಂತ ಮೊದಲು ಒಬ್ಬಳಿದ್ದಳು. ಐದನೇ ತಿಂಗಳಲ್ಲಿ ಹೋದಳು. ಹಿಂದಿನ ದಿನ ಸ್ಕ್ಯಾನ್ ಮಾಡಿದವರು ಎಲ್ಲ ಸರಿಯಾಗಿದೆ ಎಂದಿದ್ದರು. ಅವಳ ಬಗ್ಗೆ ಬರೆಯಲು ಕೂತರೆ ಈ ಕಾಗದ ಮುಂದೆ ಹೋಗುವುದಿಲ್ಲ. ಅವಳು ಹೋದ ಮೇಲೆ ನಿನ್ನ ದಾದಿ ದರ್ಗಾಗಳಿಗೆ ಹೋದರು, ಉಪವಾಸ ಹಿಡಿದರು, ಯಾರು ಏನು ಹೇಳಿದರೂ ಮಾಡಿದರು. ನೀನು ಬಂದಿದ್ದೀಯ ಎಂದು ತಿಳಿದಾಗ ನನ್ನನ್ನು ಅಪ್ಪಿಕೊಳ್ಳಲೂ ಹೆದರಿ ದೂರದಲ್ಲೇ ನಿಂತು ಅತ್ತರು.

ನಿನಗೆ ನಾಲ್ಕು ತಿಂಗಳು ತುಂಬಿ ಐದಕ್ಕೆ ಬಿದ್ದಿತ್ತು. ಒಂದು ಸಂಜೆ ಮುನವ್ವರ್ ಮನೆಗೆ ಬಂದರು. ಮದ್ದೂರಿನಲ್ಲಿ ಒಂದು ಸಭೆ ಏರ್ಪಾಟು ಮಾಡಿದ್ದರು. ಕುರ್‌ಆನಿನಲ್ಲಿ ಪರ್ವತಗಳು ಮತ್ತು ಇಂದಿನ ವಿಜ್ಞಾನ ಎಂಬ ವಿಷಯ. ದೊಡ್ಡ ಊರಿನಿಂದ ಒಬ್ಬ ಉಪನ್ಯಾಸಕರು ಬರುತ್ತಾರೆ, ಅವರು ಮಾತಾಡಿದ ಮೇಲೆ ನಾನು ಎದ್ದು ಭೂವಿಜ್ಞಾನದ ಮೇಡಂ ಆಗಿ ಎರಡು ಮಾತು ಹೇಳಬೇಕು. ಬೆಟ್ಟಗಳನ್ನು ಭೂಮಿಗೆ ಗೂಟದಂತೆ ಹೊಡೆದಿದ್ದೇವೆ ಎನ್ನುತ್ತದೆ ಕುರ್‌ಆನಿನ ಒಂದು ವಾಕ್ಯ, ಒಂದು ಆಯತ್. ಭೂಮಿ ನಿಮ್ಮನ್ನು ಹೊತ್ತು ಅಲುಗಾಡದಿರಲೆಂದು ಗಟ್ಟಿ ಬೆಟ್ಟಗಳನ್ನು ನೆಟ್ಟಿದ್ದೇವೆ ಎನ್ನುತ್ತದೆ ಇನ್ನೊಂದು. ಎರಡನ್ನೂ ವಿಜ್ಞಾನ ಈಗ ಸಾಬೀತು ಮಾಡಿದೆ ಎಂದು ನಾನು ಹೇಳಬೇಕು.

ನಿನ್ನ ದೊಡ್ಡಪ್ಪನನ್ನು ಕೆಟ್ಟವರು ಎಂದುಕೊಳ್ಳಬೇಡ. ಅವರ ಮಾತು ನನಗೆ ಇನ್ನೂ ನೆನಪಿದೆ: "ನಮ್ಮ ಮಕ್ಕಳು ಕಾಲೇಜಿಗೆ ಹೋದ್ರೆ ಪಕ್ಕದಲ್ಲಿ ಕೂತವರು ನಗ್ತಾರೆ ತಸ್ನೀಮ್. ನಿಮ್ಮದೆಲ್ಲ ಹಳೇ ಕಾಲದ್ದು ಅಂತಾರೆ. ನನ್ನ ಮಗಳೇ ಮನೆಗೆ ಬಂದು, ಅಬ್ಬಾ ಇದೆಲ್ಲ ನಿಜಾನಾ ಅಂತ ಕೇಳಿದ್ಲು. ನಮ್ಮವಳೇ ಒಬ್ಬಳು, ಓದಿದವಳು, ಎದ್ದು ನಿಂತು ನಿಜ ಅಂದ್ರೆ ಅವರಿಗೆ ತಲೆ ಎತ್ತಿ ಓಡಾಡೋ ಹಾಗಾಗುತ್ತೆ." ಆ ಸಂಕಟ ಸುಳ್ಳಲ್ಲ. ನನ್ನ ಕ್ಲಾಸಿನಲ್ಲೂ ತಲೆ ಬಗ್ಗಿಸಿ ಕೂರುವ ಮಕ್ಕಳನ್ನು ನಾನು ನೋಡಿದ್ದೇನೆ.

ನನ್ನ ತೊಂದರೆ ಏನೆಂದರೆ, ಅವರು ಕೇಳಿದ್ದರಲ್ಲಿ ಒಂದನ್ನು ನಾನು ಹೇಳಬಹುದಿತ್ತು, ಇನ್ನೊಂದನ್ನು ಹೇಳಲು ಆಗುತ್ತಿರಲಿಲ್ಲ. ಎತ್ತರದ ಪರ್ವತಗಳ ಕೆಳಗೆ ಭೂಮಿಯ ಹೊರಚಿಪ್ಪು ದಪ್ಪವಾಗಿ ಆಳಕ್ಕೆ ಇಳಿದಿರುತ್ತದೆ. ಅದನ್ನು ನಾವು ಪಾಠದಲ್ಲಿ ಬೆಟ್ಟದ ಬೇರು ಎಂದೇ ಹೇಳುತ್ತೇವೆ. ಗೂಟಕ್ಕೂ ಅದಕ್ಕೂ ಹೋಲಿಕೆ ಕಾಣುವವರು ಕಾಣಲಿ. ಆದರೆ ಬೆಟ್ಟಗಳು ಭೂಕಂಪವನ್ನು ತಡೆಯುತ್ತವೆ ಎಂದು ನನ್ನ ವಿಜ್ಞಾನ ಹೇಳುವುದಿಲ್ಲ. ಹಿಮಾಲಯ ಎದ್ದಿರುವುದೇ ಎರಡು ನೆಲಗಳು ಒಂದನ್ನೊಂದು ತಳ್ಳುತ್ತಿರುವುದರಿಂದ, ನೆಲ ಹೆಚ್ಚು ನಡುಗುವುದೂ ಅಲ್ಲೇ. ಮಕ್ಕಳಿಗೆ ವರ್ಷವೂ ಇದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಡುವವಳು ನಾನು.

ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಡುಗೆಮನೆಯಿಂದ ದಾದಿ ಬಂದು ನನ್ನ ಹತ್ತಿರ ಕೂತರು. ನನ್ನ ಹೊಟ್ಟೆಯ ಕಡೆ ನೋಡುತ್ತ ಉರ್ದುವಿನಲ್ಲಿ ಮೆಲ್ಲಗೆ ಹೇಳಿದರು: "ಅಲ್ಲಾನ ಮಾತಿಗೆ ನೀನು ಸಾಕ್ಷಿ ಹೇಳು ಬೇಟಿ. ಅವನು ನಿನ್ನ ಹೊಟ್ಟೆ ಕಾಯ್ತಾನೆ."

ಕಂದಾ, ಆ ಮಾತು ನನ್ನೊಳಗೆ ಹೇಗೆ ಇಳಿಯಿತು ಎಂದು ನಿನಗೆ ತಿಳಿಸಲಾರೆ. ಸಾಕ್ಷಿಗೂ ಬಸಿರಿಗೂ ಸಂಬಂಧವಿಲ್ಲ ಎಂದು ನನಗೆ ಗೊತ್ತು. ಮೊದಲನೆಯವಳು ಹೋಗಿದ್ದು ಗರ್ಭದ ಬಾಯಿ ಬೇಗ ಸಡಿಲವಾಗಿದ್ದರಿಂದ ಇರಬಹುದು, ಈ ಸಲ ಮೇಲಿಂದ ಮೇಲೆ ನೋಡುತ್ತಿರೋಣ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಗೊತ್ತಿದ್ದರೂ ಹೊಟ್ಟೆಯೊಳಗಿನ ಭಯಕ್ಕೆ ಕಿವಿ ಇಲ್ಲ. ನಾನು ಇಲ್ಲ ಎಂದು, ಆಮೇಲೆ ನಿನಗೇನಾದರೂ ಆದರೆ? ದಾದಿ ಏನೂ ಅನ್ನದಿದ್ದರೂ ನನ್ನ ಮನಸ್ಸೇ ನನ್ನನ್ನು ಬಿಡುತ್ತದೆಯೇ? ನೋಡೋಣ ಎಂದೆ. ಮುನವ್ವರ್ ಅದನ್ನು ಹೂಂ ಎಂದು ತಿಳಿದು ಆಹ್ವಾನಪತ್ರಿಕೆಗೆ ನನ್ನ ಹೆಸರು ಹಾಕಿಸಿದರು.

ಕಾಲೇಜಿನಲ್ಲಿ ನಮ್ಮ ವಿಭಾಗದ ಮುಖ್ಯಸ್ಥೆ ಆಂಡಾಳ್ ಮೇಡಂ. ಅವರ ಹತ್ತಿರ ಹೇಳಿಕೊಂಡೆ. ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ನಮ್ಮನೇಲೂ ಇದೇ ಕತೆ ಕಣಮ್ಮ. ಬಂಡೆ ಮೇಲೆ ನೀರು ಕೊರೆದ ಒಂದು ಗುಂಡಿ ಇದೆ, ಅದು ಭೀಮನ ಹೆಜ್ಜೆ ಅಂತ ವಿಜ್ಞಾನದ ಪ್ರಕಾರ ಬರ್ಕೊಡು ಅಂತ ನಮ್ಮ ದೊಡ್ಡಪ್ಪ ಹಿಂದೆ ಬಿದ್ದಿದ್ರು. ಆಗಲ್ಲ ಅಂದೆ. ಸಾಯೋವರೆಗೂ ನನ್ನ ಹತ್ರ ಸರಿಯಾಗಿ ಮಾತಾಡ್ಲಿಲ್ಲ." ಆಮೇಲೆ ನನಗೊಂದು ಕುರ್ಚಿ ಎಳೆದು ಹಾಕಿ, "ಆದ್ರೆ ನೀನು ಬಸುರಿ. ನೀನೂ ಆಗಲ್ಲ ಅನ್ನು ಅನ್ನೋಕೆ ನನಗೆ ಬಾಯಿ ಬರ್ತಿಲ್ಲ" ಎಂದರು.

ಭಾನುವಾರ ಬಸ್ಸು ಹತ್ತಿ ಮಳವಳ್ಳಿಗೆ ಹೋದೆ. ಸಾದಿಕ್ ಪಕ್ಕದಲ್ಲಿ ಕೂತು, ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಬಸ್ಸನ್ನೇ ಎತ್ತಿ ಹಿಡಿಯುವವರಂತೆ ಮುಂದಿನ ಸೀಟಿನ ಕಂಬಿ ಬಿಗಿಹಿಡಿಯುತ್ತಿದ್ದರು. ಅಬ್ಬಾ ನನಗೊಂದು ದಾರಿ ಹೇಳುತ್ತಾರೆ ಎಂದು ನಂಬಿ ಹೋಗಿದ್ದೆ. ಅವರು ಎಲ್ಲ ಕೇಳಿದರು. ಬೆಟ್ಟಗಳು ನಿಂತಿವೆ ಎಂದುಕೊಂಡಿದ್ದೀರಿ, ಅವು ಮೋಡದ ಹಾಗೆ ಸಾಗುತ್ತವೆ ಎನ್ನುವ ಇನ್ನೊಂದು ಆಯತನ್ನೂ ಉಪನ್ಯಾಸಕರು ತೆಗೆದುಕೊಳ್ಳುತ್ತಾರಂತೆ, ಭೂಮಿಯ ಫಲಕಗಳು ಚಲಿಸುವುದೇ ಅದು ಎನ್ನುತ್ತಾರಂತೆ ಎಂದು ನಾನು ಹೇಳಿದಾಗ ಮಾತ್ರ ತಲೆ ಆಡಿಸಿದರು. "ಅದು ಕಯಾಮತ್ತಿನ ಮಾತು ಅಂತಲೇ ಹೆಚ್ಚಿನ ಹಿರಿಯರು ಅರ್ಥ ಹೇಳಿರೋದು. ನಿಮ್ಮ ಫಲಕಕ್ಕೆ ಎಳೆದು ಕಟ್ಟೋದು ಯಾಕೆ?" ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಕೂತುಬಿಟ್ಟರು. "ಹೋಗಬೇಡಮ್ಮ. ಹೊಟ್ಟೆ ನೆಪ ಹೇಳು. ಹೂಂ ಅಂದ್ರೂ ಯಾರೋ ಹಿಡ್ಕೊಂಡು ಆಡ್ತಾರೆ, ಊಹೂಂ ಅಂದ್ರೂ ಆಡ್ತಾರೆ. ಈ ಕಾಲ ಸರಿಯಿಲ್ಲ." ನನಗೆ ತಿಳಿದ ಅಬ್ಬಾ ಅವರಲ್ಲ ಎನ್ನಿಸಿತು. ನನಗಿಂತ ಹೆಚ್ಚು ಹೆದರಿದ್ದರು. ಅವರಿಗೆ ಧೈರ್ಯ ಹೇಳಿ ನಾನು ವಾಪಸು ಬಂದೆ.

ಹೋಗದೇ ಇರಬಹುದಿತ್ತು. ಡಾಕ್ಟರ ಚೀಟಿ ತೋರಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ನಾನು ಹೋಗದಿದ್ದರೆ ಆ ಉಪನ್ಯಾಸಕರೇ ನನ್ನ ಹೆಸರು ಹೇಳಿ, ನಿಮ್ಮೂರಿನ ಭೂವಿಜ್ಞಾನದ ಮೇಡಂ ಕೂಡ ಒಪ್ಪುತ್ತಾರೆ ಎಂದರೆ ಏನು ಮಾಡುವುದು ಎನ್ನಿಸಿತು. ಸಭೆಯಲ್ಲಿ ನನ್ನ ವಿದ್ಯಾರ್ಥಿಗಳು ಇರುತ್ತಾರೆ. ಸೋಮವಾರ ಕ್ಲಾಸಿಗೆ ಬಂದು ಅದೇ ಬೋರ್ಡಿನ ಮುಂದೆ ನಿಲ್ಲಬೇಕಾದವಳು ನಾನು.

ಮುಂದಿನ ಭಾನುವಾರ ಸಭಾಂಗಣ ತುಂಬಿತ್ತು. ಉಪನ್ಯಾಸಕರು ಚೆನ್ನಾಗಿ ಮಾತಾಡಿದರು, ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿದರು. ಜನ ಮಾಷಾ ಅಲ್ಲಾ ಎನ್ನುತ್ತಿದ್ದರು. ಹೆಂಗಸರ ಸಾಲಿನಲ್ಲಿ ದಾದಿ ಮೊದಲೇ ಬಂದು ಕೂತು ತಸ್ಬಿ ಮಣಿ ಎಣಿಸುತ್ತಿದ್ದರು. ನನ್ನ ಹೆಸರು ಕರೆದಾಗ ಎದ್ದು ಹೋಗಿ ಮೈಕಿನ ಕಂಬ ಹಿಡಿದುಕೊಂಡೆ.

ನಾನು ಹೇಳಿದ್ದು ಇಷ್ಟು. ಬೆಟ್ಟಗಳಿಗೆ ಬೇರಿದೆ, ಅದು ನಿಜ. ನಮ್ಮ ಮಂಡ್ಯ ಜಿಲ್ಲೆಯ ನೆಲವಂತೂ ಮುನ್ನೂರು ಕೋಟಿ ವರ್ಷದ ಹಳೆಯ ಕಲ್ಲು. ಒಂದು ಕಾಲಕ್ಕೆ ಅದು ನೆಲದ ಆಳದಲ್ಲಿತ್ತು, ಅದರ ಮೇಲಿದ್ದ ಬೆಟ್ಟಗಳು ಮಳೆಗೂ ಗಾಳಿಗೂ ಸವೆದು ಹೋದವು, ಬೇರು ಮೇಲಕ್ಕೆ ಬಂತು. ನಾವು ಕಬ್ಬು ಬೆಳೆಯುವುದು, ಮನೆ ಕಟ್ಟುವುದು, ನಮ್ಮವರನ್ನು ಮಣ್ಣು ಮಾಡುವುದು ಎಲ್ಲ ಆ ಬೇರಿನ ಮೇಲೆ. ಇದನ್ನು ನೆನೆದರೆ ನನಗೆ ಸೃಷ್ಟಿಕರ್ತನ ಮುಂದೆ ತಲೆ ಬಾಗುತ್ತದೆ. ಆದರೆ ಬೆಟ್ಟಗಳು ಭೂಕಂಪ ತಡೆಯುತ್ತವೆ ಎಂದು ವಿಜ್ಞಾನ ಸಾಬೀತು ಮಾಡಿಲ್ಲ, ನೆಲ ಹೆಚ್ಚು ನಡುಗುವುದು ಹೊಸ ಬೆಟ್ಟ ಏಳುವ ಕಡೆಯೇ. ಆ ಆಯತಿನ ಅರ್ಥ ಹೇಳುವ ಯೋಗ್ಯತೆ ನನಗಿಲ್ಲ, ಅದನ್ನು ತಿಳಿದವರು ಹೇಳಲಿ. ನನ್ನ ವಿಜ್ಞಾನ ನಾಳೆ ತನ್ನ ಮಾತು ಬದಲಿಸಬಹುದು, ಹಿಂದೆಯೂ ಬದಲಿಸಿದೆ. ದೇವರ ಮಾತನ್ನು ಅದಕ್ಕೆ ಕಟ್ಟಿಹಾಕಿದರೆ ಅದು ಬದಲಿಸಿದ ದಿನ ಮಕ್ಕಳಿಗೆ ಏನು ಹೇಳುತ್ತೀರಿ?

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು ಎದ್ದು ಏನೋ ಕೂಗಿದರು. ಉಪನ್ಯಾಸಕರು ಮೈಕು ತೆಗೆದುಕೊಂಡು, ಸಹೋದರಿಗೆ ಮೈ ಸರಿಯಿಲ್ಲ, ವಿಷಯ ಇನ್ನೂ ಓದಬೇಕಿದೆ ಎಂದು ನಗುನಗುತ್ತಲೇ ಹೇಳಿ ಸಭೆ ಮುಗಿಸಿದರು. ಮುನವ್ವರ್ ನನ್ನ ಕಡೆ ನೋಡಲಿಲ್ಲ. ಮನೆಗೆ ಬರುವ ಆಟೋದಲ್ಲಿ ದಾದಿ ತಸ್ಬಿ ಎಣಿಸುತ್ತಲೇ ಇದ್ದರು.

ಮರುದಿನ ಬೆಳಿಗ್ಗೆಯ ಹೊತ್ತಿಗೆ ಒಂದು ತುಣುಕು ಎಲ್ಲರ ಫೋನಿನಲ್ಲಿತ್ತು. "ಬೆಟ್ಟಗಳು ಭೂಕಂಪ ತಡೆಯುತ್ತವೆ ಎಂದು ವಿಜ್ಞಾನ ಸಾಬೀತು ಮಾಡಿಲ್ಲ" ಎನ್ನುವಷ್ಟೇ. ಹಿಂದಿನದೂ ಇಲ್ಲ, ಮುಂದಿನದೂ ಇಲ್ಲ. ನಮ್ಮವರು ಕೆಲವರು ಅದರ ಕೆಳಗೆ ಬರೆದದ್ದನ್ನು ನಿನಗೆ ಹೇಳಲಾರೆ. ನಮ್ಮನ್ನು ಕಂಡರಾಗದ ಕೆಲವರು ಅದೇ ತುಣುಕನ್ನು ಎತ್ತಿಕೊಂಡು, ನೋಡಿ, ಅವರ ಮೇಡಮ್ಮೇ ಕುರ್‌ಆನ್ ಸುಳ್ಳು ಎಂದರು ಎಂದು ಹಂಚಿದರು. ನಾನು ಹಾಗೆ ಹೇಳಿರಲಿಲ್ಲ. ನಮ್ಮ ಕಾಲೇಜಿನ ಜಯಪ್ರಕಾಶ್ ಎನ್ನುವವರು, ಯಾವತ್ತೂ ನಮಸ್ಕಾರಕ್ಕೂ ತಲೆ ಆಡಿಸದವರು, "ಸೂಪರ್ ಮೇಡಂ, ಧೈರ್ಯ ಅಂದ್ರೆ ಇದು" ಎಂದು ಕಳಿಸಿದರು. ಬೈಗುಳಕ್ಕಿಂತ ಆ ಹೊಗಳಿಕೆ ನನ್ನನ್ನು ಹೆಚ್ಚು ಹೆದರಿಸಿತು. ಅವರು ಹೊಗಳುತ್ತಿದ್ದುದು ನಾನು ಆಡದ ಮಾತನ್ನು.

ಆ ಮಧ್ಯಾಹ್ನ ಕಾಲೇಜಿನಿಂದ ರೈಲಿನಲ್ಲಿ ಮದ್ದೂರಿಗೆ ಬರುತ್ತಿದ್ದೆ. ಹನಕೆರೆ ದಾಟುವಾಗ ಸೊಂಟದಿಂದ ಒಂದು ನೋವು ಹೊರಟು ಹೊಟ್ಟೆಯನ್ನು ಸುತ್ತಿ ಬಂತು. ಆ ನೋವು ನನಗೆ ಗುರುತಿತ್ತು. ಮದ್ದೂರಿನಲ್ಲಿ ಇಳಿದಾಗ ರಕ್ತ ಕಾಣಿಸಿತ್ತು. ಸಾದಿಕ್ ಅಂಗಡಿಯ ಬಾಗಿಲನ್ನೂ ಹಾಕದೆ ಓಡಿಬಂದರು. ಬಂದ ದಾರಿಯಲ್ಲೇ ಕಾರಿನಲ್ಲಿ ಮತ್ತೆ ಮಂಡ್ಯದ ಆಸ್ಪತ್ರೆಗೆ. ದಾದಿ ಮುಂದಿನ ಸೀಟಿನಲ್ಲಿ ದುವಾ ಓದುತ್ತ ಒಂದು ಸಲವೂ ಹಿಂದೆ ತಿರುಗಲಿಲ್ಲ. ನಾನು ದೇವರ ಹತ್ತಿರ ಚೌಕಾಸಿಗೆ ಇಳಿದಿದ್ದೆ. ಮಾತು ವಾಪಸು ತಗೊಳ್ತೀನಿ, ಎಲ್ಲರ ಮುಂದೆ ತಗೊಳ್ತೀನಿ, ಇದೊಂದನ್ನು ಬಿಟ್ಟುಕೊಡು ಎಂದು.

ಗರ್ಭದ ಬಾಯಿ ತೆರೆಯುತ್ತಿದೆ, ಈಗಲೇ ಹೊಲಿಗೆ ಹಾಕಬೇಕು, ಆದರೂ ಉಳಿಯುತ್ತದೆ ಎಂದು ಮಾತು ಕೊಡಲಾರೆ ಎಂದರು ಡಾಕ್ಟರು. ಸ್ಟ್ರೆಚರ್ ತಳ್ಳುವಾಗ ದಾದಿ ನನ್ನ ಕೈ ಹಿಡಿದಿದ್ದರು. ಕೈ ಬಿಡುವಾಗ ಉರ್ದುವಿನಲ್ಲಿ, ಯಾರಿಗೂ ಕೇಳದ ಹಾಗೆ, "ಆ ಮಾತು ಬೇಕಿತ್ತಾ ಬೇಟಿ?" ಎಂದರು. ಅಷ್ಟೇ ಅಂದದ್ದು. ಇಷ್ಟು ತಿಂಗಳಾದರೂ ಆ ಪ್ರಶ್ನೆ ನನ್ನ ಕಿವಿಯಿಂದ ಹೋಗಿಲ್ಲ.

ನೀನು ಉಳಿದೆ. ಹೊಲಿಗೆ ನಿಂತಿತು. ಮಲಗಿಯೇ ಇರಬೇಕು ಎಂದು ಮನೆಗೆ ಕಳಿಸಿದರು. ಮೂರನೆಯ ದಿನ ಮುನವ್ವರ್ ಬಂದರು. ಅವರ ಮುಖ ನೋಡಿದರೆ ಅವರೂ ನಿದ್ದೆ ಮಾಡಿದಂತಿರಲಿಲ್ಲ. ಸಭೆ ಮಾಡಿದ್ದೇ ತಪ್ಪು ಎಂದು ಅವರನ್ನೂ ಎಲ್ಲರೂ ಬೈಯುತ್ತಿದ್ದರು. "ಎರಡೇ ಮಾತು ತಸ್ನೀಮ್. ನಾನು ತಪ್ಪು ತಿಳಿದಿದ್ದೆ, ವಿಜ್ಞಾನ ಇದನ್ನ ಒಪ್ಪುತ್ತೆ ಅಂತ. ಫೋನಲ್ಲಿ ತಗೊಂಡು ಹಾಕ್ತೀನಿ, ಇವತ್ತಿಗೇ ಎಲ್ಲ ತಣ್ಣಗಾಗುತ್ತೆ. ಮಗು ಮುಖ ನೋಡಿ ಹೇಳು." ಸಾದಿಕ್ ನನ್ನ ಮುಖ ನೋಡಿದರು, ಬೇಡ ಎನ್ನಲೂ ಇಲ್ಲ, ಹೇಳು ಎನ್ನಲೂ ಇಲ್ಲ. ನಾನು ಹೂಂ ಎಂದೆ. ಕಂದಾ, ನಿನ್ನಿಂದ ಮುಚ್ಚಿಡುವುದಿಲ್ಲ, ನಾನು ಹೇಳಲು ಸಿದ್ಧಳಾಗಿದ್ದೆ. ತಲೆಯ ಮೇಲೆ ದುಪಟ್ಟಾ ಸರಿಮಾಡಿಕೊಂಡೆ. ಅವರು ಫೋನು ಹಿಡಿದರು.

ಬಾಗಿಲಲ್ಲಿ ಗಂಜಿಯ ಬಟ್ಟಲು ಹಿಡಿದು ನಿಂತಿದ್ದ ದಾದಿ ಬಟ್ಟಲನ್ನು ಅಲ್ಲೇ ನೆಲಕ್ಕಿಟ್ಟು ಒಳಗೆ ಬಂದರು. ಬಾಯಿಂದ ಬಂದದ್ದು ಹನಕೆರೆಯ ಕನ್ನಡ.

"ಏನ್ಲಾ ಮುನವ್ವರ್, ಮಲಗಿರೋ ಬಸುರಿ ಮುಂದೆ ಅದ್ನ ಇಡ್ಕಂಡು ಕುಂತಿದ್ದೀಯಲ್ಲ, ನಾಚ್ಕೆ ಆಗಾಕಿಲ್ವಾ ನಿಂಗೆ? ಮಡಗ್ಲಾ ಜೇಬಿಗೆ. ಏಳು, ಎದ್ದೋಗು."

"ಅಮ್ಮಾ, ನೀನೇ ತಾನೆ ಸಾಕ್ಷಿ ಹೇಳು ಅಂದಿದ್ದು?"

"ಅಂದಿದ್ದೆ ಕಣ್ಲಾ. ಮನಸ್ಸಿನಿಂದ ಏಳ್ತಾಳೆ ಅಂತ ಅಂದಿದ್ದೆ. ಈಗ ನೋಡು ಅವಳ ಮಕವ. ಎದ್ರಿಕಂಡು ಏಳ್ತಾವ್ಳೆ. ಅಂಗೆ ಏಳ್ಸಿದ್ ಮಾತು ಅಲ್ಲಾಗೆ ಯಾಕಲಾ ಬೇಕು?"

ಮುನವ್ವರ್ ಎದ್ದು ಹೋದರು. ದಾದಿ ಬಟ್ಟಲು ಎತ್ತಿಕೊಂಡು ಬಂದು ನನಗೆ ಗಂಜಿ ಕುಡಿಸಿದರು. ಕುಡಿಸುತ್ತಲೇ ಹೇಳಿದರು: "ಬೆಟ್ಟದ ವಿಸ್ಯ ನಂಗೆ ಗೊತ್ತಿಲ್ಲ. ಅಲ್ಲಾ ಏಳಿದ್ ಮೇಲೆ ಅದೇ ದಿಟ. ನೀನೇನ್ ಏಳಿದ್ಯೋ ನಂಗೆ ಇನ್ನೂ ಅರ್ತ ಆಗ್ನಿಲ್ಲ. ಆದ್ರೆ ಎದ್ರಿಕೆ ಹಾಲಿಗೆ ಇಳೀತದೆ ಕಣಮ್ಮ. ಅದು ಬ್ಯಾಡ." ನಾನು ಸರಿ ಎಂದು ಅವರು ಇವತ್ತಿಗೂ ಹೇಳಿಲ್ಲ. ಆಸ್ಪತ್ರೆಯಲ್ಲಿ ಕೇಳಿದ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಂಡೂ ಇಲ್ಲ. ಅಂದಿನಿಂದ ನನ್ನ ಮಂಚದ ಪಕ್ಕ ಚಾಪೆ ಹಾಸಿಕೊಂಡು ಅಲ್ಲೇ ಇದ್ದಾರೆ, ನನ್ನ ತಲೆ ಬಾಚುತ್ತಾರೆ, ಕಾಲು ಊದಿದರೆ ಉಪ್ಪುನೀರಿನಲ್ಲಿ ಅದ್ದಿಸುತ್ತಾರೆ.

ಇತ್ತ ಇಷ್ಟಾಗುವಾಗ ಮಳವಳ್ಳಿಯಲ್ಲಿ ಇನ್ನೊಂದು ನಡೆದಿತ್ತು. ಆ ಶುಕ್ರವಾರ ಅಬ್ಬಾ ಎಂದಿನ ಹಾಗೆ ಮಸೀದಿಯಲ್ಲಿ ಎದ್ದು ನಿಂತರು. ಅಲ್ಲಿ ನಡೆದದ್ದನ್ನು ಸಾದಿಕ್ ಹೇಳಿದರು, ಅವರು ಅಂದು ನಮಾಜಿಗೆ ಅಲ್ಲಿಗೇ ಹೋಗಿದ್ದರು. ಅಬ್ಬಾ ಗೂಟದ ಮಾತಿರುವ ಕುರ್‌ಆನಿನ ಅಧ್ಯಾಯ, ಆ ಸೂರಾ, ಓದಿ ಕನ್ನಡದಲ್ಲಿ ಅರ್ಥ ಹೇಳಿದರು. ಬೆಟ್ಟವನ್ನು ಗೂಟ ಎನ್ನುವ ಮೊದಲು ಭೂಮಿಯನ್ನು ಹಾಸಿಗೆ ಎಂದಿದೆ, ಆಮೇಲೆ ನಿದ್ದೆಯನ್ನು ನೆನೆಸಿದೆ, ಇರುಳನ್ನು, ಹಗಲನ್ನು, ಮಳೆಯನ್ನು ನೆನೆಸಿದೆ. ಇವೆಲ್ಲ ಯಾರು ಕೊಟ್ಟದ್ದು ಎಂದು ನೆನಪಿಸಲು ಬಂದ ಮಾತಿದು ಎಂದು ನಾನು ತಿಳಿದಿದ್ದೇನೆ, ನನ್ನ ತಿಳಿವಳಿಕೆ ತಪ್ಪಿದ್ದರೆ ಅಲ್ಲಾ ಕ್ಷಮಿಸಲಿ ಎಂದರು. ಆಮೇಲೆ ಕಂಬ ಹಿಡಿದುಕೊಂಡು ನಿಂತು, "ಸುಳ್ಳು ಸಾಕ್ಷಿ ದೊಡ್ಡ ಪಾಪ ಅಂತ ಇದೇ ಜಾಗದಲ್ಲಿ ನಿಂತು ನಾನೇ ನಿಮಗೆ ಎಷ್ಟೋ ಸಲ ಹೇಳಿದೀನಿ. ನನ್ನ ಮಗಳು ತನಗೆ ಗೊತ್ತಿಲ್ಲದ್ದಕ್ಕೆ ಸಾಕ್ಷಿ ಹೇಳಲಿಲ್ಲ. ಅವಳು ಈಗ ಮಲಗಿದಾಳೆ. ಬೈಯೋರು ನನ್ನನ್ನ ಬೈಯಿರಿ, ಅವಳಿಗೆ ಒಂದು ದುವಾ ಮಾಡಿ" ಎಂದರಂತೆ.

ಕೆಲವರು ಕೈ ಎತ್ತಿ ದುವಾ ಮಾಡಿದರು, ಕೆಲವರು ಎದ್ದು ಹೊರಗೆ ಹೋದರು. ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ ಮೇಷ್ಟ್ರೇ ಎಂದು ಹಿರಿಯರು ಅಬ್ಬಾಗೆ ಹೇಳಿಕಳಿಸಿದರು. ಈಗ ಶುಕ್ರವಾರ ಇನ್ಯಾರೋ ಮಾತಾಡುತ್ತಾರೆ. ಅಬ್ಬಾ ಹಿಂದಿನ ಸಾಲಿನಲ್ಲಿ ಕೂತು ಕೇಳಿ ಬರುತ್ತಾರೆ. ಬೇಜಾರಾ ಅಬ್ಬಾ ಎಂದು ಒಮ್ಮೆ ಕೇಳಿದೆ. "ಆಗುತ್ತೆ ಮಗಳೇ" ಎಂದರು. ಸಮಾಧಾನದ ಮಾತು ಸೇರಿಸಲಿಲ್ಲ. "ಆವತ್ತು ಹೆದರಿದಷ್ಟು ಯಾವತ್ತೂ ಹೆದರಿರಲಿಲ್ಲ. ನಿನಗೆ ಹೋಗಬೇಡ ಅಂದವನು ನಾನು. ನೀನು ಹೋದೆ. ಆಮೇಲೆ ನಾನು ಮನೇಲಿ ಹೇಗೆ ಕೂರೋದು?"

ಮುನವ್ವರ್ ಬಹಳ ದಿನ ನಮ್ಮ ಮನೆಗೆ ಬರಲಿಲ್ಲ. ಹಬ್ಬದ ಹಿಂದಿನ ದಿನ ಬಂದು ಬಾಗಿಲ ಹೊರಗೇ ನಿಂತರು. ಸಭೆಯ ದಿನ ಅವರ ಕ್ಯಾಮೆರಾದಲ್ಲಿ ನನ್ನ ಮಾತು ಮೊದಲಿನಿಂದ ಕೊನೆಯವರೆಗೂ ಇತ್ತು. "ಪೂರ್ತಿ ಹಾಕಿದೀನಿ. ನೋಡೋರು ನೋಡ್ಲಿ" ಎಂದರು. ನೋಡಿದವರು ಕಡಿಮೆ. ತುಣುಕು ನೋಡಿದವರಲ್ಲಿ ನೂರಕ್ಕೆ ಒಬ್ಬರೂ ಇರಲಾರರು. ಆದರೆ ಅವರ ಮಗಳು ನೋಡಿದ್ದಾಳೆ. ನನ್ನ ಹತ್ತಿರ ಬಂದು ಕೂತು, ಮುನ್ನೂರು ಕೋಟಿ ವರ್ಷ ಅಂತ ಹೇಗೆ ಗೊತ್ತಾಗುತ್ತೆ ಚಿಕ್ಕಮ್ಮ ಎಂದು ಕೇಳಿದಳು. ಮಲಗಿಕೊಂಡೇ ಹೇಳಿಕೊಟ್ಟೆ. ಮುನವ್ವರ್ ಬಾಗಿಲ ಹೊರಗೆ ಕೇಳುತ್ತ ನಿಂತಿದ್ದರು, ಒಳಗೆ ಬರಲಿಲ್ಲ. ಇನ್ನೂ ಬಂದಿಲ್ಲ. ಬರುತ್ತಾರೇನೋ.

ಕಾಲೇಜಿನ ಬಗ್ಗೆ ನನಗೆ ಧೈರ್ಯವಿಲ್ಲ. ರಜೆ ಮುಗಿದು ಹೋದಾಗ ಮಕ್ಕಳು ಹೇಗೆ ನೋಡುತ್ತಾರೋ, ಯಾರು ಮುಖ ತಿರುಗಿಸುತ್ತಾರೋ, ಯಾರು ಬೇಡದ ಹೊಗಳಿಕೆ ಹೊತ್ತು ಬರುತ್ತಾರೋ. ಬಾಗಿಲಿಗೆ ಬಂದು ಸಾದಿಕ್ ಅವರನ್ನು ಯಾರಾದರೂ ಕರೆದರೆ ಈಗಲೂ ಯಾರು, ಯಾಕೆ ಎಂದು ಕಿವಿಗೊಡುತ್ತೇನೆ. ಒಮ್ಮೆ ಹೆದರಿಕೊಂಡ ಮೈ ಬೇಗ ಮರೆಯುವುದಿಲ್ಲ.

ನಮಾಜಿನಲ್ಲಿ ಮೊದಲಿನ ಹಾಗೆ ಬಗ್ಗಲು ಆಗುವುದಿಲ್ಲ, ಮಲಗಿಯೇ ಮಾಡುತ್ತೇನೆ. ಚೌಕಾಸಿ ಬಿಟ್ಟಿದ್ದೇನೆ. ಏನನ್ನೂ ಕೊಡುತ್ತೇನೆ ಎನ್ನುವುದಿಲ್ಲ, ಮಾತು ವಾಪಸು ತಗೊಳ್ತೀನಿ ಎನ್ನುವುದಿಲ್ಲ. ನಿನ್ನನ್ನು ಕೊಡು ಎಂದಷ್ಟೇ ಕೇಳುತ್ತೇನೆ. ಕೊಟ್ಟರೆ ಅದು ನನ್ನ ಮಾತಿಗೆ ಸಿಕ್ಕ ಬಹುಮಾನವಲ್ಲ. ಕೊಡದಿದ್ದರೆ ಶಿಕ್ಷೆಯೂ ಅಲ್ಲ. ಹೀಗೆಂದು ಹಗಲೆಲ್ಲ ಮನಸ್ಸಿಗೆ ಹೇಳಿಕೊಡುತ್ತೇನೆ. ಒಮ್ಮೊಮ್ಮೆ ಕೇಳುತ್ತದೆ.

ಹೊರಗೆ ದಾದಿ ನಾಳೆಗೆ ಬೇಕಾದ ಹಳೇ ಮೆತ್ತನೆ ಬಟ್ಟೆಗಳನ್ನು ಒಗೆದು ಹರವುತ್ತಿದ್ದಾರೆ. ಅಬ್ಬಾ ಮಳವಳ್ಳಿಯಿಂದ ಬಸ್ಸು ಹತ್ತಿದ್ದೇನೆ ಎಂದು ಫೋನು ಮಾಡಿದ್ದರು. ಸಾದಿಕ್ ಇವತ್ತು ಬೇಗ ಅಂಗಡಿ ಮುಚ್ಚಿ ಬಂದಿದ್ದಾರೆ, ಒಂದೇ ಚೀಲವನ್ನು ಮತ್ತೆ ಮತ್ತೆ ತುಂಬಿ, ಬಿಚ್ಚಿ, ತುಂಬುತ್ತಿದ್ದಾರೆ. ನಾನು ಕರೆದರೆ ಬೆಚ್ಚಿಬೀಳುತ್ತಾರೆ, ಅದಕ್ಕೇ ಕರೆಯದೆ ಸುಮ್ಮನೆ ನೋಡುತ್ತಿದ್ದೇನೆ.

ಬಾ ಕಂದಾ. ಬಂದ ಮೇಲೆ ನನ್ನನ್ನು ಏನು ಬೇಕಾದರೂ ಕೇಳು. ದೇವರನ್ನು ಕೇಳು, ಕಲ್ಲನ್ನು ಕೇಳು, ನಿನಗಿಂತ ಮೊದಲು ಬಂದವಳ ಬಗ್ಗೆಯೂ ಕೇಳು. ಗೊತ್ತಿದ್ದರೆ ಗೊತ್ತು ಎನ್ನುತ್ತೇನೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತೇನೆ. ನನಗಿರುವ ಆಸ್ತಿ ಅದೊಂದೇ, ನಿನಗಾಗಿ ಇಟ್ಟಿದ್ದೇನೆ. ನಾಳೆ ಏನಾಗುತ್ತದೆ ಎಂದು ಕೇಳಬೇಡ. ಅದು ನನಗೆ ಗೊತ್ತಿಲ್ಲ.

ನಿನ್ನ ಉಸಿರು ಗಟ್ಟಿಯಾಗಿರಲಿ, ನಿನ್ನ ಮಾತು ನಿನ್ನದೇ ಆಗಿರಲಿ, ನಿನ್ನನ್ನು ಕಳಿಸುತ್ತಿರುವವನು ನಿನ್ನ ಜೊತೆಯಲ್ಲೇ ಬರಲಿ.

ನಿನ್ನ ದಾರಿ ನೋಡುತ್ತ,
ನಿನ್ನ ಅಮ್ಮಿ
ತಸ್ನೀಮ್
ಮದ್ದೂರು